ಕಪ್ಪು ಕಾರಿನ ಸ್ವಿರ್ಲ್ ಮಾರ್ಕ್ ಮನೆಯಲ್ಲೇ ತೆಗೆಯಬಹುದಾ?

ನಿಮ್ಮದು ಕಪ್ಪು ಕಾರು. ಬಿಸಿಲಲ್ಲಿ ನಿಲ್ಲಿಸಿದರೆ ಬಾನೆಟ್ ತುಂಬಾ ಜೇಡರ ಬಲೆ ತರ ಗೀರು ಕಾಣುತ್ತೆ, ಸ್ವಿರ್ಲ್ ಮಾರ್ಕ್ ಅನ್ನೋದು ಇದನ್ನೇ. ಕೈಯಲ್ಲಿ ಪಾಲಿಶ್ ಉಜ್ಜಿದಾಗ ಹೋಗಿತ್ತು, ಕೆಲವು ಸಲ ತೊಳೆದ ಮೇಲೆ ಮತ್ತೆ ಬಂತು. ಈಗ ಪಾಲಿಶ್ ಮೆಷಿನ್ ತಂದು ನೀವೇ ಮಾಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಮಾಡಬಹುದು. ನನ್ನ ಕಾರಿಗೆ ನಾನೇ ಮಾಡಿಕೊಳ್ಳುವುದು.

ಮೊದಲು ಒಂದು ವಿಷಯ. ಆ ಗೀರು ಮತ್ತೆ ಬಂದಿಲ್ಲ, ಹೋಗಿಯೇ ಇರಲಿಲ್ಲ. ಎಷ್ಟೋ ಪಾಲಿಶ್‌ಗಳಲ್ಲಿ ಎಣ್ಣೆ, ಫಿಲ್ಲರ್ ಇರುತ್ತೆ. ಅದು ಗೀರಿನೊಳಗೆ ಕೂತು ಮುಚ್ಚುತ್ತೆ, ಶಾಂಪೂ ಬಿದ್ದಾಗ ಕರಗುತ್ತೆ. ನಿಜವಾಗಿ ತೆಗೆಯಬೇಕೆಂದರೆ ಗೀರಿನ ತಳದ ಹತ್ತಿರಕ್ಕೆ ಬರುವಷ್ಟು ಕ್ಲಿಯರ್ ಕೋಟನ್ನು ಸವೆಸಲೇಬೇಕು. ಕ್ಲಿಯರ್ ಕೋಟ್ ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ. ದಪ್ಪ ಸುಮಾರು 40-50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ ಅಷ್ಟೇ. ಸವೆದದ್ದು ವಾಪಸ್ ಬರಲ್ಲ. ಹಾಗಾಗಿ ಆದಷ್ಟು ಕಡಿಮೆ ಸವೆಸಿ ಕೆಲಸ ಮುಗಿಸುವುದು ಹೇಗೆ ಅನ್ನೋದೇ ಇಲ್ಲಿರುವ ಪ್ರಶ್ನೆ.

ಇನ್ನೊಂದು ತಮಾಷೆ: ಗೀರುಗಳು ದುಂಡಗೆ ಇರಲೇಬೇಕು ಅಂತಿಲ್ಲ. ಎಲ್ಲಾ ದಿಕ್ಕಿಗೂ ಇರುವ ಸಣ್ಣ ನೇರ ಗೀರುಗಳಲ್ಲಿ ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಮಿನುಗುತ್ತವೆ, ನಮಗೆ ವೃತ್ತ ಕಂಡಂತಾಗುತ್ತೆ. ಮೊಬೈಲ್ ಟಾರ್ಚ್ ಹಿಡಿದು ಸರಿಸಿ ನೋಡಿ, ವೃತ್ತವೂ ಜೊತೆಗೇ ಸರಿಯುತ್ತೆ. ಈ ಟಾರ್ಚ್ ಕೊನೆತನಕ ಬೇಕು.

ತೊಳೆಯುವಾಗ ಎರಡು ಬಕೆಟ್ ಇಡಿ: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಒಣಗಿದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಮೇಲೆ ಮೆಲ್ಲಗೆ ಸವರಿ. ಬರಿಗೈಗೆ ನುಣ್ಣಗಿದ್ದದ್ದು ಈಗ ಮರಳು ಮರಳಾಗಿ ಸಿಗುತ್ತೆ. ಅದು ಅಂಟಿಕೊಂಡ ಕಬ್ಬಿಣದ ಪುಡಿ, ಟಾರು, ಮರದ ಅಂಟು. ಐರನ್ ರಿಮೂವರ್ ಸಿಂಪಡಿಸಿದರೆ ಕಬ್ಬಿಣ ಇದ್ದ ಕಡೆ ನೇರಳೆ ಬಣ್ಣ ಇಳಿಯುತ್ತೆ. ಒಣಗಲು ಬಿಡದೆ ತೊಳೆದುಬಿಡಿ. ಉಳಿದದ್ದಕ್ಕೆ ಕ್ಲೇ ಬಾರ್, ಅಂದರೆ ಅಂಟಿದ ಕೊಳೆಯನ್ನು ಎಳೆದು ತೆಗೆಯುವ ಮೆದು ಜೇಡಿಯಂಥ ಉಂಡೆ. ಚೆನ್ನಾಗಿ ಶಾಂಪೂ ನೀರು ಹಾಕಿ, ಒತ್ತದೆ ಜಾರಿಸಿ. ಕ್ಲೇ ನೆಲಕ್ಕೆ ಬಿತ್ತಾ, ಬಿಸಾಡಿ. ಇದನ್ನು ಬಿಟ್ಟು ನೇರ ಪಾಲಿಶ್‌ಗೆ ಇಳಿದರೆ ಆ ಮರಳನ್ನೇ ಮೆಷಿನ್ನಿನ ಪ್ಯಾಡಿನಲ್ಲಿ ತಿರುಗಿಸಿದ ಹಾಗೆ.

ಆಮೇಲೆ ರಬ್ಬರ್, ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆ ಮಾಸ್ಕಿಂಗ್ ಟೇಪ್. ಕಾಂಪೌಂಡ್ (ಹೆಚ್ಚು ಸವೆಸುವ ಒರಟು ಪಾಲಿಶ್) ಅಲ್ಲಿ ಒಣಗಿದರೆ ಬಿಳಿ ಕಲೆ ತೆಗೆಯುವುದು ದೊಡ್ಡ ತಲೆನೋವು. ಬಾಗಿಲಿನ ಅಂಚು, ಬಾನೆಟ್ಟಿನ ಉಬ್ಬು ಗೆರೆಗಳ ಮೇಲೂ ಟೇಪ್ ಹಾಕಿ. ಅಲ್ಲಿ ಪೇಂಟ್ ಇನ್ನೂ ತೆಳು.

ಮೆಷಿನ್ ರೋಟರಿ (ಬರೀ ಸುತ್ತುವಂಥದ್ದು) ಬೇಡ, ಡ್ಯುಯಲ್ ಆಕ್ಷನ್ ತಗೊಳ್ಳಿ. ಪ್ಯಾಡ್ ತಿರುಗುತ್ತಲೇ ಓಲಾಡುವುದರಿಂದ ಒಂದೇ ಕಡೆ ಬಿಸಿ ಏರುವುದು ಕಡಿಮೆ. ಪ್ಯಾಡ್ ಅಂಟಿಸುವ ತಟ್ಟೆಯ, ಅಂದರೆ ಬ್ಯಾಕಿಂಗ್ ಪ್ಲೇಟಿನ ಅಂಚಿಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಕೆಲಸ ಮಾಡುವಾಗ ಗೆರೆ ಸುತ್ತುವುದು ಕಾಣಬೇಕು. ನಿಂತುಹೋದರೆ ಜಾಸ್ತಿ ಒತ್ತುತ್ತಿದ್ದೀರಿ ಅಂತ ಅರ್ಥ, ಅಥವಾ ಪ್ಯಾಡ್ ಓರೆಯಾಗಿದೆ.

ಇಡೀ ಕಾರಿಗೆ ಕೈ ಹಾಕಬೇಡಿ. ಬಾನೆಟ್ಟಿನಲ್ಲಿ ಎರಡಡಿ ಚೌಕ ಆರಿಸಿ, ನೆರಳಲ್ಲಿ, ಲೋಹ ತಣ್ಣಗಿರುವಾಗ. ಮೊದಲು ಮೆದು ಫೋಮ್ ಪ್ಯಾಡ್, ಕಡಿಮೆ ಸವೆಸುವ ನಯವಾದ ಪಾಲಿಶ್. ಬಟಾಣಿ ಗಾತ್ರದ ಮೂರ್ನಾಲ್ಕು ಹನಿ ಸಾಕು. ಕಡಿಮೆ ಸ್ಪೀಡಿನಲ್ಲಿ ಹರಡಿ, ಆಮೇಲೆ ಸ್ಪೀಡ್ ಏರಿಸಿ ನಿಧಾನಕ್ಕೆ ಉದ್ದಕ್ಕೂ ಅಡ್ಡಕ್ಕೂ ಸಾಗಿ, ಪ್ರತಿ ಸಾಲು ಹಿಂದಿನದರ ಅರ್ಧ ಮುಚ್ಚುವ ಹಾಗೆ. ಎರಡೆರಡು ಸುತ್ತು ಆದ ಮೇಲೆ ಒರೆಸಿ, ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಇನ್ನೊಮ್ಮೆ ಒರೆಸಿ, ಟಾರ್ಚ್ ಬೆಳಕು ಬಿಟ್ಟು ನೋಡಿ. ಎಣ್ಣೆ ತೆಗೆಯದೆ ನೋಡಿದರೆ ಮತ್ತೆ ಅದೇ ಮೋಸ, ಅಲ್ವಾ? ಗೀರು ಇನ್ನೂ ಇದ್ದರೆ ಗಟ್ಟಿ ಪ್ಯಾಡ್, ಆಗಲೂ ಸಾಲದಿದ್ದರೆ ಮಾತ್ರ ಕಾಂಪೌಂಡ್. ಯಾವ ಜೋಡಿ ಕೆಲಸ ಮಾಡಿತೋ ಅದನ್ನೇ ಉಳಿದ ಕಡೆಗೂ ಬಳಸಿ. ಪ್ರತಿ ಚೌಕದ ನಂತರ ಪ್ಯಾಡ್ ಬ್ರಶ್ ಮಾಡಿ, ತುಂಬಿಹೋದರೆ ಬದಲಾಯಿಸಿ. ಕಾಂಪೌಂಡ್ ಬಳಸಿದರೆ ಕಪ್ಪು ಬಣ್ಣದ ಮೇಲೆ ಮಬ್ಬು ಉಳಿಯಬಹುದು. ಅದನ್ನು ಮೆದು ಪ್ಯಾಡ್, ನಯವಾದ ಪಾಲಿಶ್‌ನಲ್ಲಿ ಇನ್ನೊಮ್ಮೆ ತೆಗೆಯಬೇಕು.

ಪ್ಯಾಡ್ ಮೇಲೆ ಕಾರಿನ ಕಪ್ಪು ಬಣ್ಣ ಬಂತೋ, ಅಲ್ಲೇ ನಿಲ್ಲಿಸಿ. ಕ್ಲಿಯರ್ ಕೋಟ್ ಇರುವ ಕಾರಾದರೆ ಅದು ಮುಗಿದಿದೆ ಅಂತ. ಉಗುರು ಸಿಕ್ಕುವಷ್ಟು ಆಳದ ಗೀರಿನ ಹಿಂದೆಯೂ ಬೀಳಬೇಡಿ. ಅಂಥ ಒಂದೆರಡು ಉಳಿದರೆ ಉಳಿಯಲಿ.

ಕೊನೆಗೆ ಪೇಂಟ್ ಕಾಯಲು ವ್ಯಾಕ್ಸ್ ಅಥವಾ ಸೀಲೆಂಟ್, ಇಷ್ಟ ಬಂದದ್ದು ಹಚ್ಚಿ. ಬೆಳಿಗ್ಗೆ ಒಣಬಟ್ಟೆಯಲ್ಲಿ ಸುಮ್ನೆ ಧೂಳು ಒರೆಸುವ ಅಭ್ಯಾಸ ಇದ್ದರೆ ಮಾತ್ರ ಇವತ್ತಿನಿಂದಲೇ ಬಿಡಿ. ನಿಮ್ಮ ಗೀರುಗಳಲ್ಲಿ ಬಹುಪಾಲು ಅಲ್ಲಿಂದಲೇ ಬಂದಿರಬೇಕು.