ಕಾರಂತರು ಪುತ್ತೂರಿನಲ್ಲಿ ಏನು ಮಾಡುತ್ತಿದ್ದರು?

ಅಷ್ಟು ದೊಡ್ಡ ಸಾಹಿತಿ ನಿಮ್ಮ ಪೇಟೆಯಲ್ಲಿ ಕೂತು ಏನು ಮಾಡುತ್ತಿದ್ದರು ಅಂತ ಕೇಳಿದ್ದೀರಿ. ಒಂದೇ ಮಾತಿನಲ್ಲಿ ಹೇಳಬೇಕಾದರೆ, ಆಡಿಸುತ್ತಿದ್ದರು. ಮಕ್ಕಳನ್ನು ಕುಣಿಸಿದರು, ಶಾಲೆಗಳಲ್ಲಿ ನಾಟಕ ಮಾಡಿಸಿದರು, ಊರಿಗೆ ಊರೇ ಸೇರುವಂಥ ದಸರಾ ನಡೆಸಿದರು. ಶಿವರಾಮ ಕಾರಂತರೆಂದರೆ ನಿಮಗೆ ಕಾದಂಬರಿಗಳು, 1977ರ ಜ್ಞಾನಪೀಠ ನೆನಪಾಗುತ್ತವೆ. ಜನ ಖುಷಿಯಿಂದ ಒಟ್ಟು ಸೇರಲು ಒಂದು ಜಾಗ ಬೇಕು ಅಂತ ಬೆವರು ಸುರಿಸಿ ದುಡಿದ ಕಾರಂತರು ಇದ್ದಾರಲ್ಲ, ಅವರು ನಮ್ಮವರು.

ಇದರ ಬೆಲೆ ಗೊತ್ತಾಗಬೇಕಾದರೆ ನಮ್ಮ ಊರು ಹೇಗೆ ಅಂತ ಸ್ವಲ್ಪ ಹೇಳಬೇಕು. ಪುತ್ತೂರು ಪೇಟೆಯಿಂದ ತೆಂಕಕ್ಕೆ ಹೋಗಿ, ಪಾಣಾಜೆಯೋ ಈಶ್ವರಮಂಗಲವೋ ದಾಟಿದರೆ ಕಾಸರಗೋಡು ಜಿಲ್ಲೆ. ಅಂದರೆ ಕೇರಳ. ಕಾರಂತರು ಇಲ್ಲಿಗೆ ಬಂದ ಕಾಲಕ್ಕೆ ಈ ಗಡಿ ಇರಲೇ ಇಲ್ಲ. ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಕಾಸರಗೋಡೂ ಇತ್ತು. ಗೆರೆ ಬಿದ್ದದ್ದು 1956ರ ನವೆಂಬರ್ 1ಕ್ಕೆ. ಸಂಬಂಧ, ದೇವಸ್ಥಾನ, ಅಡಿಕೆ ವ್ಯಾಪಾರ ಎಲ್ಲಾ ಈಗಲೂ ಎರಡೂ ಕಡೆ ಉಂಟು. ಮಾತಂತೂ ಒಂದಲ್ಲ. ಒಂದೇ ಬೆಂಚಿನ ಮಕ್ಕಳು ಮನೆಗೆ ಹೋದರೆ ಒಬ್ಬನದ್ದು ತುಳು, ಇನ್ನೊಬ್ಬಳದ್ದು ಹವ್ಯಕ, ಮತ್ತೊಬ್ಬರದ್ದು ಕೊಂಕಣಿ, ಬ್ಯಾರಿ, ಮರಾಟಿ, ಮಲಯಾಳ. ಸುಳ್ಯದ ಕಡೆ ಹೋದರೆ ಅರೆಭಾಷೆ. ಇವರೆಲ್ಲರಿಗೂ ಕನ್ನಡ ಸಿಗುವುದು ಶಾಲೆಯಲ್ಲಿ, ಮತ್ತೆ ಯಕ್ಷಗಾನದ ರಂಗಸ್ಥಳದಲ್ಲಿ. ಪಾಠದ ಕನ್ನಡ ಪರೀಕ್ಷೆಗೆ ಸಾಕು. ಅದು ಬಾಯಿಗೆ ಸಲೀಸಾಗಬೇಕಾದರೆ ನಾಟಕ, ಹಾಡು, ಆಟ ಬೇಕು, ಅಲ್ವಾ? ಕಾರಂತರು ಈ ಊರಿಗೆ ಕೊಟ್ಟದ್ದು ಅದನ್ನೇ ಅಂತ ನಾನು ತಿಳಿದಿದ್ದೇನೆ.

ಅವರು ಇಲ್ಲಿಯವರಲ್ಲ. 1902ರ ಅಕ್ಟೋಬರ್ 10ರಂದು ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಹುಟ್ಟಿದರು. ಗಾಂಧೀಜಿಯ ಕರೆಗೆ ಕಾಲೇಜು ಬಿಟ್ಟು ಖಾದಿ ಪ್ರಚಾರಕ್ಕೆ ಇಳಿದವರು. ಪುತ್ತೂರಿನಲ್ಲಿ ಅವರಿಗೆ ಜೊತೆಯಾದವರು ಮೊಳಹಳ್ಳಿ ಶಿವರಾಯರು, ಜಿಲ್ಲೆಯ ಸಹಕಾರಿ ಚಳವಳಿಗೆ ಬುನಾದಿ ಹಾಕಿದ ವಕೀಲರು. ರೈತರಿಗೆ ಸಾಲ ಸಿಗುವ ಹಾಗೆ ಮಾಡಿದ ಶಿವರಾಯರು, ಕುಣಿತ ನಾಟಕದ ಹುಚ್ಚಿನ ಈ ಯುವಕ, ಇಬ್ಬರೂ ಸೇರಿ ದಸರಾ ನಾಡಹಬ್ಬ ಶುರು ಮಾಡಿದರು. ಸುಮ್ನೆ ಪೂಜೆ, ಮೆರವಣಿಗೆಯ ದಸರಾ ಅಲ್ಲ. ಭಾಷಣ, ಸಂಗೀತ, ನಾಟಕ ಎಲ್ಲಾ ಇತ್ತು. ನಾಡಿನ ದೊಡ್ಡ ಸಾಹಿತಿಗಳು ಬಂದು ನಮ್ಮ ಪೇಟೆಯ ಜನರ ಎದುರು ನಿಂತು ಮಾತಾಡಿದರು.

ಆಮೇಲೆ ಬಾಲವನ. ಪರ್ಲಡ್ಕದ ಗುಡ್ಡೆಯಲ್ಲಿ ಮಕ್ಕಳಿಗೆ ಅಂತಲೇ ಕಟ್ಟಿದ ಜಾಗ. ಬೆತ್ತ ಇಲ್ಲದೆ, ಮರಗಳ ನಡುವೆ, ಹಾಡಿ ಕುಣಿದು ಕಲಿಯಬೇಕು ಎನ್ನುವುದು ಅವರ ಹಂಬಲ. 1930ರ ದಶಕದಲ್ಲಿ ಹೀಗೆ ಯೋಚನೆ ಮಾಡಿದವರು ಎಷ್ಟು ಜನ ಇದ್ದರು ಹೇಳಿ! ಮಕ್ಕಳಿಗೆ ಓದಲು ಒಳ್ಳೆಯ ಪುಸ್ತಕ ಇಲ್ಲ ಅಂತ ಕಂಡಾಗ ತಾವೇ ಕೂತು ಮೂರು ಸಂಪುಟಗಳ ವಿಶ್ವಕೋಶ ಬರೆದರು. ಮುದ್ರಣಾಲಯವನ್ನೂ ನಡೆಸಿದರು.

ಕಾರಂತರ ಹೆಂಡತಿ ಲೀಲಾ ಅಮ್ಮನ ವಿಷಯ ಬಿಟ್ಟರೆ ಈ ಕತೆ ಪೂರ್ತಿಯಾಗುವುದಿಲ್ಲ. ಕಾರಂತರು ಕುಣಿತ, ನಾಟಕ ಕಲಿಸುತ್ತಿದ್ದ ಶಾಲೆಯಲ್ಲಿ ಅವರು ವಿದ್ಯಾರ್ಥಿನಿ. ಬಂಟರ ಹುಡುಗಿ, ಬ್ರಾಹ್ಮಣ ಹುಡುಗ. 1936ರಲ್ಲಿ ಮದುವೆಯಾದಾಗ ಜನ ಆಡಿಕೊಂಡರು. ಲೀಲಾ ಅವರ ಮೊದಲ ಓದು ಮರಾಠಿಯಲ್ಲಿ. ಮದುವೆಯಾದ ಮೇಲೆ ಕನ್ನಡವನ್ನು ಮತ್ತೆ ಕಲಿತರು, ಎಷ್ಟು ಚೆನ್ನಾಗಿ ಅಂದರೆ ಒಂದು ಮರಾಠಿ ಕಾದಂಬರಿಯನ್ನೇ ಕನ್ನಡಕ್ಕೆ ತಂದರು. ಗಂಡನ ಗೀತನಾಟಕಗಳಲ್ಲಿ ಕುಣಿದರು. ಮನೆಗೆ ಬಂದುಹೋಗುವವರನ್ನು ನೋಡಿಕೊಂಡರು. ಬಾಲವನದಲ್ಲಿ ಅವರ ಪಾಲು ಕಡಿಮೆಯದ್ದಲ್ಲ. ಅದನ್ನು ಹೇಳುವವರು ಮಾತ್ರ ಕಡಿಮೆ.

ಯಕ್ಷಗಾನದ ವಿಷಯದಲ್ಲಿ ನಮ್ಮಲ್ಲಿ ಈಗಲೂ ಜಗಳ ಉಂಟು. ರಾತ್ರಿಯಿಡೀ ನಡೆಯುವ ಆಟವನ್ನು ಅವರು ಕೆಲವೇ ಗಂಟೆಗೆ ಇಳಿಸಿದರು. ಮಾತು ಕಡಿಮೆ ಮಾಡಿ ಕುಣಿತ ಜಾಸ್ತಿ ಮಾಡಿದರು. ಪಿಟೀಲು, ಸ್ಯಾಕ್ಸೋಫೋನ್ ತಂದರು. ಅದೂ ಬಡಗುತಿಟ್ಟಿನಲ್ಲಿ, ಅಂದರೆ ಬಡಗು ಕಡೆಯ ಶೈಲಿಯಲ್ಲಿ. ನಮ್ಮದು ತೆಂಕು ಶೈಲಿಯ, ತೆಂಕುತಿಟ್ಟಿನ ಸೀಮೆ. ಚೆಂಡೆಯ ಪೆಟ್ಟು, ಅರ್ಥ ಅಂದರೆ ಪಾತ್ರಗಳ ಮಾತಿನ ಸೊಗಸು ಇಲ್ಲದೆ ನಮಗೆ ಆಟ ರುಚಿಸುವುದಿಲ್ಲ. ನನಗೂ ಬೆಳಗಾಗುವವರೆಗಿನ ಆಟವೇ ಇಷ್ಟ. ಹಾಗಿದ್ದರೂ ಭಾಷೆ ಗೊತ್ತಿಲ್ಲದ ಹೊರದೇಶದವರನ್ನೂ ಯಕ್ಷಗಾನದ ಎದುರು ಕೂರಿಸಿದ್ದು ಅವರು ಅನ್ನುವುದನ್ನು ಮರೆಯಬಾರದು.

ಪುತ್ತೂರಿನಲ್ಲಿ ಸುಮಾರು ನಾಲ್ಕು ದಶಕ ಇದ್ದರು. ಆಮೇಲೆ ಕೋಟದ ಹತ್ತಿರದ ಸಾಲಿಗ್ರಾಮಕ್ಕೆ ಹೋದರು. ಕೆಲಸ ಅಲ್ಲಿಗೂ ನಿಲ್ಲಲಿಲ್ಲ. ತುರ್ತುಪರಿಸ್ಥಿತಿಯಲ್ಲಿ ಪದ್ಮಭೂಷಣ ವಾಪಸು ಮಾಡಿದರು, ಕೈಗಾ ಅಣುಸ್ಥಾವರದ ವಿರುದ್ಧ ನಿಂತರು, 1989ರಲ್ಲಿ ಲೋಕಸಭೆಗೂ ಸ್ಪರ್ಧಿಸಿದರು. ಗೆಲ್ಲಲಿಲ್ಲ. 1997ರ ಡಿಸೆಂಬರ್ 9ರಂದು ತೀರಿಕೊಂಡರು. ತೊಂಬತ್ತು ದಾಟಿದ ಮೇಲೂ ಹಕ್ಕಿಗಳ ಬಗ್ಗೆ ಪುಸ್ತಕ ಮಾಡುತ್ತಿದ್ದರು.

ಈಗ ಬಾಲವನ ಸರಕಾರದ ಕೈಯಲ್ಲಿದೆ. ಬಹಳ ವರ್ಷ ಕಟ್ಟಡಗಳು ಸೊರಗಿದ್ದವು. ಆಗ ಹೊಟ್ಟೆ ಉರಿಯುತ್ತಿತ್ತು. ಅಲ್ಲಿರುವ ಕಾರಂತರ ಮನೆಯನ್ನು ಹಳೆಯ ರೂಪಕ್ಕೆ ತಂದ ಮೇಲೆ ಸಮಾಧಾನವಾಯಿತು. ಬಯಲು ರಂಗಮಂದಿರ ಉಂಟು, ಅಕ್ಟೋಬರ್ 10ಕ್ಕೆ ಕಾರ್ಯಕ್ರಮ ಆಗುತ್ತದೆ. ಅವರ ಕಾಲದಲ್ಲಿ ಇಲ್ಲದ ಒಂದು ಈಜುಕೊಳವೂ ಬಂದಿದೆ. ಅಲ್ಲಿ ಕಲಿತ ನಮ್ಮ ಮಕ್ಕಳು ದೊಡ್ಡ ದೊಡ್ಡ ಸ್ಪರ್ಧೆಗಳಿಗೆ ಹೋಗಿ ಬಂದಿದ್ದಾರೆ. ಬೇಸಿಗೆ ರಜೆಯಲ್ಲಿ ನೀರಿಗೆ ಹಾರುವ ಮಕ್ಕಳ ಬೊಬ್ಬೆಯಲ್ಲಿ ಅರ್ಧ ತುಳು, ಅರ್ಧ ಕನ್ನಡ. ಯಾವ ಪುತ್ಥಳಿಗಿಂತಲೂ ಈ ಗದ್ದಲವೇ ಅವರಿಗೆ ಹೆಚ್ಚು ಇಷ್ಟವಾಗುತ್ತಿತ್ತು ಅಂತ ನನ್ನ ನಂಬಿಕೆ.

ಬರುವುದಾದರೆ ಏಪ್ರಿಲ್‌ನಲ್ಲಿ ಬನ್ನಿ, ಮಹಾಲಿಂಗೇಶ್ವರನ ಜಾತ್ರೆಯೂ ಸಿಗುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಆಟೋದವರಿಗೆ ಬಾಲವನ ಅಂದರೆ ಸಾಕು. ಮಕ್ಕಳನ್ನು ಖಂಡಿತ ಕರೆದುಕೊಂಡು ಬನ್ನಿ, ಈಜುಕೊಳದ ಸಮಯ ಮಾತ್ರ ಮೊದಲೇ ಕೇಳಿಕೊಳ್ಳಿ.