ಮರಿಯಾ ಚಂಡಮಾರುತದ ನಂತರ ಪೋರ್ಟೊ ರಿಕೊ ಜನರ ಕೈ ಹಿಡಿದವರು ಯಾರು, ಸರ್ಕಾರವೋ ನೆರೆಹೊರೆಯವರೋ?

ಮೊದಲ ವಾರಗಳ ಮಟ್ಟಿಗೆ ಕೇಳಿದರೆ, ನೆರೆಹೊರೆಯವರೇ ಎನ್ನುತ್ತೇನೆ. 2017ರ ಸೆಪ್ಟೆಂಬರ್ 20ರಂದು ಮರಿಯಾ ಅಪ್ಪಳಿಸಿದಾಗ ಅಮೆರಿಕದ ಆಡಳಿತಕ್ಕೆ ಸೇರಿದ ಈ ಕೆರಿಬಿಯನ್ ದ್ವೀಪ ಇಡಿಯಾಗಿ ಕತ್ತಲಲ್ಲಿ ಮುಳುಗಿತು. ಗುಡ್ಡಗಾಡಿನ ಅಡ್ಹುಂಟಾಸ್‌ನಲ್ಲಿ ಕಾಸಾ ಪ್ವೆಬ್ಲೊ ಎಂಬ ಸಮುದಾಯ ಸಂಸ್ಥೆಯ ಚಾವಣಿಯ ಮೇಲೆ ಸೌರಫಲಕಗಳಿದ್ದವು. ಸುತ್ತಲಿನ ಜನ ಮೊಬೈಲ್ ಚಾರ್ಜ್ ಮಾಡಲು, ಉಸಿರಾಟದ ಯಂತ್ರಗಳನ್ನು ನಡೆಸಲು ಅಲ್ಲಿಗೆ ಬಂದರು. ಒಂದು ಚಾವಣಿಯ ಬಿಸಿಲು ಎಷ್ಟು ಜೀವಗಳಿಗೆ ಆಸರೆಯಾಗಬಲ್ಲದು ನೋಡಿ! ಕಾಗ್ವಾಸ್‌ನಂಥ ಊರುಗಳಲ್ಲಿ ಪರಸ್ಪರ ನೆರವಿನ ಕೇಂದ್ರಗಳು ಹುಟ್ಟಿಕೊಂಡವು. ಅಲ್ಲಿ ಉಣ್ಣಲು ಬಂದವರೇ ಬಡಿಸಲೂ ನಿಂತರು. ಬಾಣಸಿಗ ಹೋಸೆ ಆಂಡ್ರೆಸ್ ಅವರ ತಂಡ ಲಕ್ಷಗಟ್ಟಲೆ ಊಟ ಬೇಯಿಸಿ ಹಂಚಿತು.

ಹಾಗೆಂದು ಸರ್ಕಾರ ಏನೂ ಮಾಡಲಿಲ್ಲ ಎನ್ನುವುದು ತಪ್ಪು. ಅಮೆರಿಕದ ಒಕ್ಕೂಟ ವಿಪತ್ತು ನಿರ್ವಹಣಾ ಸಂಸ್ಥೆ 'ಫೆಮಾ' ನೀರು, ಆಹಾರ, ಹಣ ಎಲ್ಲವನ್ನೂ ಕಳುಹಿಸಿತು. ಆದರೆ ಕೆಲವೇ ದಿನಗಳ ಹಿಂದೆ ಬೀಸಿದ್ದ ಇರ್ಮಾ ಚಂಡಮಾರುತಕ್ಕೆ ಅದರ ಉಗ್ರಾಣದ ದಾಸ್ತಾನು ಬಹುಪಾಲು ಖಾಲಿಯಾಗಿತ್ತು. ಬಂದ ಸಾಮಗ್ರಿಯೂ ಬಂದರಿನಲ್ಲೇ ಉಳಿಯಿತು; ಲಾರಿ ಚಾಲಕರಿಲ್ಲ, ಡೀಸೆಲ್ ಇಲ್ಲ, ರಸ್ತೆಗಳಿಗೆ ಮರಗಳು ಅಡ್ಡ ಬಿದ್ದಿದ್ದವು. ಎಲ್ಲರಿಗೂ ವಿದ್ಯುತ್ ಮರಳಲು ಸುಮಾರು 11 ತಿಂಗಳು ಹಿಡಿಯಿತು.

ನನ್ನನ್ನು ಹೆಚ್ಚು ನೋಯಿಸುವುದು ಸಾವಿನ ಲೆಕ್ಕ. ಬಹುಕಾಲ 64 ಎಂದೇ ಹೇಳುತ್ತಿದ್ದ ಪೋರ್ಟೊ ರಿಕೊ ಸರ್ಕಾರ 2018ರ ಆಗಸ್ಟ್‌ನಲ್ಲಿ 2,975 ಎಂದು ಒಪ್ಪಿಕೊಂಡಿತು. ಅವರಲ್ಲಿ ಅನೇಕರು ಗಾಳಿಮಳೆ ನಿಂತ ಮೇಲೆ, ಕರೆಂಟು, ಚಿಕಿತ್ಸೆ ಸಿಗದೆ ತೀರಿಕೊಂಡವರು. 2020ರ ಜನವರಿಯಲ್ಲಿ ದ್ವೀಪದ ಪೊನ್ಸೆ ನಗರದ ಗೋದಾಮೊಂದರಲ್ಲಿ ಹಂಚದೇ ಉಳಿದ ನೀರಿನ ಬಾಟಲಿಗಳು, ಮಡಚುವ ಮಂಚಗಳು, ಮಗುವಿನ ಆಹಾರ ಪತ್ತೆಯಾದವು.