ತೋಟದ ಕೆರೆಗೆ ಕ್ಯಾಟ್‌ಫಿಶ್ ಮರಿ ಬಿಡಬಹುದಾ?

ನೀವು ಕೇಳಿರುವುದು ಇಷ್ಟು: ಗೋಣಿಕೊಪ್ಪದ ಹತ್ತಿರ ಕಾಫಿ ತೋಟ, ಅದರಲ್ಲೊಂದು ಕೆರೆ. ಗಡಿಯಾಚೆಯಿಂದ ಬರುವ ವ್ಯಾಪಾರಿಯೊಬ್ಬ 'ಮುಷಿ' (ಕ್ಯಾಟ್‌ಫಿಶ್) ಮರಿ ಕಡಿಮೆ ರೇಟಿಗೆ ಕೊಡುತ್ತಾನಂತೆ. ಸಾಯುವುದೇ ಇಲ್ಲ, ಆರು ತಿಂಗಳಿಗೆ ಕಿಲೋ ತೂಗುತ್ತೆ ಅಂದಿದ್ದಾನೆ. ಬಿಡಬಹುದಾ?

ಬೇಡ. ಅವನೇನೂ ಸುಳ್ಳು ಹೇಳಿಲ್ಲ. ಸಾಯುವುದಿಲ್ಲ ಅನ್ನೋದೇ ತೊಂದರೆ.

ಆ ಬೆಲೆಗೆ, ಆ ಬೆಳವಣಿಗೆಗೆ ಸಿಗುವುದು ಆಫ್ರಿಕನ್ ಕ್ಯಾಟ್‌ಫಿಶ್, ಅಂದರೆ ಕ್ಲೇರಿಯಸ್ ಗ್ಯಾರಿಪೈನಸ್. ಅದರ ಸಾಕಣೆಯನ್ನು ಕೇಂದ್ರ ಸರ್ಕಾರ 2000ನೇ ಇಸವಿಯಲ್ಲೇ ನಿಷೇಧಿಸಿದೆ. ಉತ್ತರ ಅಲ್ಲಿಗೇ ಮುಗಿಯಬೇಕು. ಆದರೆ ನಿಷೇಧ ಅಂದ ಮಾತ್ರಕ್ಕೆ ಯಾರೂ ಸುಮ್ಮನಾಗುವುದಿಲ್ಲ, ನಮ್ಮ ಮನೆಯಲ್ಲೂ ಆಗಲಿಲ್ಲ.

ಹತ್ತು ಹನ್ನೆರಡು ವರ್ಷದ ಹಿಂದೆ ನಮ್ಮ ಚಿಕ್ಕಪ್ಪ ಮುನ್ನೂರು ಮರಿ ತಂದು ಕೆರೆಗೆ ಸುರಿದರು. ಆಸೆಗೆ ಕಾರಣ ನಿಮಗೂ ಗೊತ್ತಿರುತ್ತದೆ. ರೊಬಸ್ಟಾ ತೋಟದ ಕೆರೆ ಇರುವುದು ಗಿಡಕ್ಕೆ, ಮೀನಿಗಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಹೂವಿಗೆ ಒಂದು ಸಲ, ಹೂ ಬಿಟ್ಟ ಮೇಲೆ ಕಾಯಿ ಕಚ್ಚಲು, ಅಂದರೆ ಬ್ಯಾಕಿಂಗ್‌ಗೆ, ಇನ್ನೊಂದು ಸಲ ಸ್ಪ್ರಿಂಕ್ಲರ್ ಹಾಕಿದರೆ ನೀರು ಮೊಣಕಾಲಿಗೆ ಬರುತ್ತದೆ. ಕಾಟ್ಲಾ, ರೋಹು ಇದ್ದರೆ ಬಾಯಿ ಬಿಟ್ಟುಕೊಂಡು ತೇಲುತ್ತವೆ. ಈ ಮೀನಿಗೆ ಆ ಚಿಂತೆಯೇ ಇಲ್ಲ. ಕಿವಿರಿನ ಮೇಲ್ಗಡೆ, ತಲೆಯೊಳಗೆ, ಹೂಕೋಸಿನ ಚೂರಿನ ಹಾಗೆ ಕವಲೊಡೆದ ಒಂದು ಅಂಗ ಇದೆ. ಮೇಲೆ ಬಂದು ಗುಳುಂ ಅಂತ ಗಾಳಿ ನುಂಗಿ ಅದರಿಂದ ಉಸಿರಾಡುತ್ತದೆ. ಮೀನು ಶುಚಿ ಮಾಡುವಾಗ ತಲೆ ಬಿಡಿಸಿ ನೋಡಿದರೆ ಕೆಂಪಗೆ ಕಾಣುತ್ತದೆ.

ಒಂದು ರಾತ್ರಿ ಎರಡು ಮೀನನ್ನು ಬಕೆಟ್‌ಗೆ ಹಾಕಿ, ಮೇಲೊಂದು ಹಲಗೆ ಮುಚ್ಚಿ ಹಿತ್ತಿಲಲ್ಲಿ ಇಟ್ಟಿದ್ದೆವು. ಬೆಳಿಗ್ಗೆ ಹಲಗೆ ಓರೆಯಾಗಿತ್ತು, ಬಕೆಟ್‌ನಲ್ಲಿ ಒಂದೇ ಇತ್ತು. ಇನ್ನೊಂದು ಕಾಫಿ ಕಣದ ಅಂಚಿನಲ್ಲಿ, ಮೈತುಂಬಾ ಸಿಪ್ಪೆ ಅಂಟಿಸಿಕೊಂಡು ಬಿದ್ದಿತ್ತು. ಸತ್ತಿದೆ ಅಂದುಕೊಂಡು ಎತ್ತಲು ಹೋದೆ. ಎದೆಯ ರೆಕ್ಕೆಯ ಮುಳ್ಳು ಸೀದಾ ಹೆಬ್ಬೆರಳಿಗೆ ಹೊಕ್ಕಿತು. ಮೊಣಕೈವರೆಗೂ ಉರಿ. ತಡೆಯುವಷ್ಟು ಬಿಸಿ ಇರುವ ನೀರಿನಲ್ಲಿ ಕೈ ಅದ್ದಿಕೊಂಡು ಕೂತ ಮೇಲೆ ಇಳಿಯಿತು. ಚಿಕ್ಕಪ್ಪ ಅದನ್ನು ತಿರುಗಿ ಬಕೆಟ್‌ಗೆ ಹಾಕಿದರು, ಏನೂ ಆಗದವರ ಹಾಗೆ ಮೀಸೆ ಆಡಿಸಿಕೊಂಡು ಇತ್ತು.

ಮುನ್ನೂರರಲ್ಲಿ ಕೊನೆಗೆ ಸಿಕ್ಕಿದ್ದು ಅರವತ್ತು ಚಿಲ್ಲರೆ. ಯಾರೋ ರಾತ್ರಿ ಬಲೆ ಹಾಕುತ್ತಿದ್ದಾರೆ ಅಂತ ಲೈನ್‌ಮನೆಯಲ್ಲಿರುವ ತೋಟದ ಕೆಲಸಗಾರರ ಮೇಲೆ ಅನುಮಾನ ಪಟ್ಟೆವು, ನಾಚಿಕೆಗೇಡು. ದೊಡ್ಡ ಮರಿಗಳು ಚಿಕ್ಕ ಮರಿಗಳನ್ನೇ ತಿಂದಿದ್ದವು. ಈ ಜಾತಿಯಲ್ಲಿ ಅದು ಮಾಮೂಲು. ಒಂದರ ಹೊಟ್ಟೆ ಸೀಳಿದಾಗ ಕಪ್ಪೆಯ ಕಾಲು, ಏಡಿಯ ಚಿಪ್ಪು ಸಿಕ್ಕಿತು. ಕೆರೆಯಲ್ಲಿ ಮೊದಲಿದ್ದ ಪುಡಿ ಮೀನು ಒಂದೂ ಉಳಿಯಲಿಲ್ಲ.

ಸಾಕು ಅಂತ ಪಂಪ್ ಇಟ್ಟು ನೀರು ತೆಗೆದೆವು, ಸುಣ್ಣ ಎರಚಿದೆವು. ಎಲ್ಲಾ ಹೋಯಿತು ಅಂದುಕೊಂಡೆವು. ಕೆಸರಿನೊಳಗೆ ಕೂತವು ಕೂತೇ ಇದ್ದವು. ಕಕ್ಕಡದ (ಜುಲೈ-ಆಗಸ್ಟ್) ಮಳೆಗೆ ಕೆರೆ ಕೋಡಿ ಹರಿದಾಗ ಕೆಳಗಿನ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವರು ಕೂಗಿ ಕರೆದರು, "ನಿಮ್ಮ ಮೀನು ಇಲ್ಲಿದೆ, ಬಂದು ಹಿಡ್ಕೊಳ್ಳಿ." ಅವರು ನಗುತ್ತಿದ್ದರು. ಗದ್ದೆಯ ನೀರು ತೋಡಿಗೆ ಹೋಗುತ್ತದೆ, ತೋಡು ಲಕ್ಷ್ಮಣತೀರ್ಥಕ್ಕೆ, ಅದು ಕೆಆರ್‌ಎಸ್‌ನಲ್ಲಿ ಕಾವೇರಿಗೆ. ನಮ್ಮ ಕೆರೆಯಿಂದ ಎಷ್ಟು ಮೀನು ಹಾಗೆ ಇಳಿದು ಹೋದವೋ. ಈಗಲೂ ಹೊಳೆಯಲ್ಲಿ ದೊಡ್ಡ ಕ್ಯಾಟ್‌ಫಿಶ್ ಸಿಕ್ಕಿತು ಅಂತ ಯಾರಾದರೂ ಹೇಳಿದರೆ ನಾನು ಮಾತು ಬದಲಿಸುತ್ತೇನೆ.

ಇನ್ನೊಂದು ವಿಷಯ. ನೀವು ಬೇಡ ಅಂದರೆ ಅವನು "ಇದು ನಾಡ ಮುರುಗೋಡು" ಅನ್ನಬಹುದು. ಮುರುಗೋಡು ನಮ್ಮದೇ ಮೀನು. ಪಶ್ಚಿಮ ಘಟ್ಟದ ಕಡೆಯ ಕ್ಲೇರಿಯಸ್ ಡಸ್ಸುಮೇರಿ ಆ ಬಳಗದ್ದು. ಬಿಹಾರದವರು ರಾಜ್ಯದ ಮೀನು ಮಾಡಿಕೊಂಡಿರುವ ಮಾಗುರ್ ಕೂಡ ಅದರ ದಾಯಾದಿ. ಮರಿಯಲ್ಲಿ ಎಲ್ಲಾ ಒಂದೇ ಥರ: ನಾಲ್ಕು ಜೊತೆ ಮೀಸೆ, ಚಿಪ್ಪಿಲ್ಲದ ಮೈ, ಬೆನ್ನುದ್ದಕ್ಕೂ ರೆಕ್ಕೆ. ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಅವನ ಮಾತಿನಲ್ಲೇ ಹಿಡಿಯಬೇಕು. ಆರು ತಿಂಗಳಿಗೆ ಕಿಲೋ ಆಗುವುದು ನಾಡ ಮೀನಲ್ಲ. ಆಫ್ರಿಕನ್ನು 60 ಕಿಲೋವರೆಗೂ ಬೆಳೆದದ್ದಿದೆ. ಬೆಲೆ ಕೇಳಿದರೂ ಗೊತ್ತಾಗುತ್ತದೆ. ಮಾಗುರ್ ಮರಿ ಮಾಡಿಸುವುದು ಸುಲಭವಲ್ಲ. ಗಂಡಿನ ಹೊಟ್ಟೆ ಹಿಂಡಿದರೆ ಗೆಂಡೆಯ ಹಾಗೆ ವೀರ್ಯ ಬರುವುದಿಲ್ಲ, ಅದನ್ನು ಕೊಯ್ದೇ ತೆಗೆಯಬೇಕು. ಅಷ್ಟು ಪಾಡುಪಟ್ಟ ಮರಿಯನ್ನು ಯಾರು ತಾನೇ ಡ್ರಮ್‌ನಲ್ಲಿ ತಂದು ಚಿಲ್ಲರೆ ಕಾಸಿಗೆ ಸುರಿದು ಹೋಗುತ್ತಾರೆ?

ಮೀನು ಬೇಕೇ ಬೇಕು ಅಂದರೆ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಬಿಡಿ. ಹಾರಂಗಿಯಲ್ಲಿ ಮೀನುಗಾರಿಕೆ ಇಲಾಖೆಯ ಮರಿ ಕೇಂದ್ರ ಇದೆ, ಮೊದಲು ಅಲ್ಲಿ ವಿಚಾರಿಸಿ. ಜೋರು ಮಳೆ ಇಳಿದು ಕೆರೆ ತುಂಬಿ ನಿಂತ ಮೇಲೆ, ಬೆರಳುದ್ದಕ್ಕಿಂತ ದೊಡ್ಡ ಮರಿಯನ್ನೇ ತನ್ನಿ. ಸ್ಪ್ರಿಂಕ್ಲರ್ ಶುರುವಾಗುವ ಮೊದಲೇ ಬಲೆ ಎಳೆದುಬಿಡಿ. ತೂಕ ಸ್ವಲ್ಪ ಕಡಿಮೆ ಸಿಗುತ್ತದೆ, ಸಿಗಲಿ. ನಮ್ಮ ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಹಾಕಿ ಸಾರು ಮಾಡುವವರಿಗೆ ಅರ್ಧ ಕಿಲೋ ಮೀನೇ ಜಾಸ್ತಿ ರುಚಿ, ಇದು ನನ್ನ ಲೆಕ್ಕ.

ಒಂದು ವೇಳೆ ಈಗಾಗಲೇ ಬಿಟ್ಟಿದ್ದು ಈ ಪ್ರಶ್ನೆ ಕೇಳುತ್ತಿದ್ದರೆ (ಹಾಗೆ ಕೇಳುವವರೇ ಜಾಸ್ತಿ ಅಲ್ವಾ), ಮಳೆಗೆ ಕಾಯಬೇಡಿ. ನೀರು ಕಡಿಮೆ ಇರುವಾಗಲೇ ಹಿಡಿಯಿರಿ, ಕೆಸರನ್ನು ಜಾಲಾಡಿ, ಪಂಪಿನ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ. ಸಿಕ್ಕಿದ ಮೀನನ್ನು ಪಾಪ ಅಂತ ತೋಡಿಗೆ ಬಿಡಲೇಬೇಡಿ. ಕೋಡಿಗೂ ಬಲೆ ಇರಲಿ. ಜೋರು ಮಳೆಯಲ್ಲಿ ಅದಕ್ಕೆ ಸಿಲ್ವರ್ ಓಕ್ ಎಲೆ ಕಟ್ಟಿಕೊಂಡು ನೀರು ಏರಿಯ ಮೇಲೇ ಹರಿಯುತ್ತದೆ. ರಾತ್ರಿ ಒಂದೆರಡು ಸಲ ಟಾರ್ಚ್ ಹಿಡಿದು ಹೋಗಿ ತೆಗೆಯುತ್ತಿರಬೇಕು.